ಬೆಳ್ವೊಲದ ಹಾದಿಯಲ್ಲಿ ಬಳಪದ ಕಲ್ಲಿನ ಗುಡಿಗಳು

ಉತ್ತರ ಕರ್ನಾಟಕದ ಪ್ರವಾಸವೆಂದರೆ ಹಂಪಿ ಮತ್ತು ಬಾದಾಮಿ ಎಂಬ ಎರಡು ಹೆಸರುಗಳು ಮೊದಲು ನಾಲಗೆಗೆ ಬರುತ್ತವೆ. ಹಂಪಿ 1986ರಲ್ಲಿ, ಬಾದಾಮಿಗೆ ಹತ್ತಿರದ ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದಕ್ಷಿಣದಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಅದೇ ಪಟ್ಟಿಗೆ ಏರಿದವು. ಆದರೆ ಪಟ್ಟದಕಲ್ಲಿನ ಮರಳುಗಲ್ಲಿನ ಗುಡಿಗಳಿಂದ ಬೇಲೂರಿನ ನುಣುಪಾದ ಕಪ್ಪು ಗುಡಿಗೆ ಕನ್ನಡ ನಾಡಿನ ಶಿಲ್ಪಿ ಹೇಗೆ ಬಂದು ತಲುಪಿದ? ನಡುವೆ ಸುಮಾರು ನಾಲ್ಕು ನೂರು ವರ್ಷಗಳಿವೆ. ಈ ಪ್ರಶ್ನೆಗೆ ಉತ್ತರ ಹಂಪಿಯಲ್ಲೂ ಇಲ್ಲ, ಬಾದಾಮಿಯಲ್ಲೂ ಇಲ್ಲ. ಅದು ಇವೆರಡರ ನಡುವೆ, ಗದಗಿನ ಸುತ್ತಮುತ್ತಲಿನ ಎರೆಭೂಮಿಯಲ್ಲಿ ಹರಡಿಕೊಂಡಿದೆ.

ಕುಕನೂರು, ಲಕ್ಕುಂಡಿ, ಅಣ್ಣಿಗೇರಿ, ಗದಗ, ಡಂಬಳ, ಇಟಗಿ ಈ ಹಾದಿಯ ಊರುಗಳು. ಕೊಪ್ಪಳದ ಕಡೆಯಿಂದ ಹೊರಟು ಈ ಕ್ರಮದಲ್ಲಿಯೇ ನೋಡುತ್ತ ಹೋದರೆ ಒಟ್ಟು ಹಾದಿ ಬಹಳ ದೊಡ್ಡದೇನಲ್ಲ. ಬೆಳಗ್ಗೆ ಬೇಗ ಹೊರಟರೆ ಒಂದೇ ದಿನಕ್ಕೆ ಮುಗಿಸಬಹುದು. ಎರಡು ದಿನಗಳಿದ್ದರೆ ಗುಡಿಗಳ ಮುಂದೆ ಸಾವಕಾಶವಾಗಿ ನಿಲ್ಲಬಹುದು. ಕೆಲವು ಕಡೆ ಹಾದಿ ಹಿಂದೆ ಮುಂದೆ ಸುತ್ತುತ್ತದೆ, ನಿಜ. ಆದರೆ ಹೆಚ್ಚುಕಡಿಮೆ ಕಾಲದ ಕ್ರಮದಲ್ಲಿ ನೋಡಿದರೆ, ಒಂಬತ್ತನೆಯ ಶತಮಾನದಿಂದ ಹನ್ನೆರಡನೆಯ ಶತಮಾನದವರೆಗೆ ಗುಡಿಯ ಗೋಡೆ ಹೇಗೆ ಬದಲಾಯಿತೆಂಬುದು ಪುಸ್ತಕದ ಹಾಳೆಗಳನ್ನು ತಿರುವಿದಂತೆ ಕಣ್ಣಿಗೆ ಕಾಣುತ್ತದೆ.

ಬೆಳೆಯ ನಾಡು

ಈ ಸೀಮೆಗೆ ಶಾಸನಗಳಲ್ಲಿ ಬೆಳ್ವೊಲ ಮುನ್ನೂರು ಎಂಬ ಹೆಸರಿದೆ. ಹೆಸರಿನಲ್ಲಿಯೇ ಬೆಳೆಯೂ ಇದೆ, ಹೊಲವೂ ಇದೆ. ಇಂದಿಗೂ ಇಲ್ಲಿ ಕಣ್ಣು ಹಾಯಿಸಿದಷ್ಟು ದೂರ ಕಪ್ಪು ಎರೆಮಣ್ಣು. ಜೋಳ, ಹತ್ತಿ, ಕಡಲೆ, ಮೆಣಸಿನಕಾಯಿ. ಮಳೆ ಕೈಕೊಟ್ಟರೂ ತೇವವನ್ನು ಹಿಡಿದಿಟ್ಟುಕೊಳ್ಳುವ ಈ ಮಣ್ಣು ಅರಸರ ಕಣ್ಣಿಗೂ ಬಿದ್ದಿತ್ತು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣ ಕೊಟ್ಟ ನಾಡುಗಳ ಪಟ್ಟಿ ಕ್ರಿ.ಶ. 949ರ ಆತಕೂರು ಶಾಸನದಲ್ಲಿದೆ. ಬನವಾಸಿ ಪನ್ನಿರ್ಛಾಸಿರದ ಜೊತೆಗೆ ಬೆಳ್ವೊಲ ಮುನ್ನೂರೂ ಆ ಪಟ್ಟಿಯಲ್ಲಿ ಕಾಣುತ್ತದೆ. ಕವಿರಾಜಮಾರ್ಗವು ತಿರುಳ್ಗನ್ನಡದ ಸೀಮೆಯನ್ನು ಗುರುತಿಸಲು ಹೇಳುವ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳು, ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮುಂತಾದ ಊರುಗಳು, ಈ ನಾಡಿನ ಸುತ್ತಲೇ ಇವೆ. ಭಾಷೆಯ ತಿರುಳು ಎಲ್ಲಿತ್ತೋ ಗುಡಿ ಕಟ್ಟುವ ವಿದ್ಯೆಯ ತಿರುಳೂ ಅಲ್ಲಿಯೇ ಇತ್ತೆಂಬುದು ಆಕಸ್ಮಿಕವಲ್ಲ. ಎರಡಕ್ಕೂ ಬೇಕಾದುದು ಉಂಡು ಉಳಿಯುವಷ್ಟು ಬೆಳೆ, ವ್ಯಾಪಾರದ ಹಣ ಮತ್ತು ಕೊಡುವ ಮನಸ್ಸು.

ಇಷ್ಟು ಸಿರಿವಂತ ನಾಡಿಗೆ ಶತ್ರುಗಳ ಕಾಟವೂ ತಪ್ಪಲಿಲ್ಲ. ಹತ್ತನೆಯ ಶತಮಾನದ ಕೊನೆಯಿಂದ ಹನ್ನೊಂದನೆಯ ಶತಮಾನದ ಉತ್ತರಾರ್ಧದವರೆಗೆ ಕಲ್ಯಾಣದ ಚಾಲುಕ್ಯರಿಗೂ ತಂಜಾವೂರಿನ ಚೋಳರಿಗೂ ನಡೆದ ಕಾಳಗಗಳಲ್ಲಿ ಚೋಳರ ದಂಡು ಈ ನಾಡಿನವರೆಗೂ ನುಗ್ಗಿ ಬಂತು. ಇಲ್ಲಿನ ಗುಡಿಗಳನ್ನು ನೋಡುವಾಗ ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇವು ನೆಮ್ಮದಿಯ ಕಾಲದಲ್ಲಿ, ಬಿಡುವಿನ ವೇಳೆಯಲ್ಲಿ ಎದ್ದ ಕಟ್ಟಡಗಳಲ್ಲ.

ಕುಕನೂರು: ಹಳೆಯ ಪಾಠ

ಕುಕನೂರಿನ ನವಲಿಂಗ ಗುಡಿಗಳ ಗುಂಪು ರಾಷ್ಟ್ರಕೂಟರ ಕಾಲದ್ದು, ಒಂಬತ್ತನೆಯ ಶತಮಾನಕ್ಕೆ ಸೇರಿದ್ದು. ಒಂಬತ್ತು ಗರ್ಭಗುಡಿಗಳು ಮಂಟಪಗಳ ಮೂಲಕ ಒಂದಕ್ಕೊಂದು ಕೂಡಿಕೊಂಡಿವೆ. ಈಗ ಅವುಗಳಲ್ಲಿ ಲಿಂಗಗಳಿದ್ದರೂ ಇವು ಮೂಲತಃ ದೇವಿಯರ ಗುಡಿಗಳಾಗಿದ್ದಿರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ. ಪಕ್ಕದ ಮಹಾಮಾಯೆಯ ಗುಡಿಗೆ ಇಂದಿಗೂ ಭಕ್ತರು ನಡೆದುಕೊಳ್ಳುತ್ತಾರೆ.

ಇಲ್ಲಿ ನೋಡಬೇಕಾದುದು ಶಿಖರಗಳನ್ನು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ನೋಡಿದವರಿಗೆ ಇವು ಕೂಡಲೇ ಪರಿಚಿತವೆನಿಸುತ್ತವೆ. ಅಂತಸ್ತಿನ ಮೇಲೆ ಅಂತಸ್ತು; ಪ್ರತಿ ಅಂತಸ್ತಿನ ಅಂಚಿನಲ್ಲೂ ಪುಟ್ಟ ಪುಟ್ಟ ಗುಡಿಗಳ ಸಾಲು. ಮೂಲೆಯಲ್ಲಿ ಚೌಕದ ಗುಡಿ, ಅದಕ್ಕೆ ಕೂಟವೆಂದು ಹೆಸರು. ನಡುವೆ ಬಂಡಿಯ ಕಮಾನಿನಂತೆ ಬಾಗಿದ ಮಾಡಿನ ಉದ್ದನೆಯ ಗುಡಿ, ಅದು ಶಾಲೆ. ದ್ರಾವಿಡ ಶೈಲಿಯ ಗುಟ್ಟೆಲ್ಲ ಇಷ್ಟೇ: ದೊಡ್ಡ ಗುಡಿಯೆಂದರೆ ಸಣ್ಣ ಗುಡಿಗಳ ಕೂಟ. ದೇವರ ಮನೆಯ ಮೇಲೆ ದೇವರ ಮನೆಗಳನ್ನೇ ಪೇರಿಸಿ ಶಿಖರ ಮಾಡುವುದು. ಕುಕನೂರಿನಲ್ಲಿ ಈ ಸಣ್ಣ ಗುಡಿಗಳು ಒಂದೊಂದೂ ಬೇರೆಬೇರೆಯಾಗಿ, ಬೆರಳಿಟ್ಟು ಎಣಿಸುವಷ್ಟು ಸ್ಪಷ್ಟವಾಗಿವೆ. ಕಲ್ಲುಗಳು ದೊಡ್ಡವು, ಗೋಡೆಯ ಮೇಲೆ ಕೆತ್ತನೆ ಕಡಿಮೆ.

ಅದೇ ಊರಿನ ಕಲ್ಲೇಶ್ವರ ಗುಡಿ ಇದಕ್ಕಿಂತ ನೂರು ವರ್ಷಕ್ಕೂ ಮಿಕ್ಕಿ ಈಚಿನದು. ಗೋಡೆಯ ಚಾಚುಗಳು ಇಲ್ಲಿ ಇನ್ನಷ್ಟು ಹೊರಗೆ ಬಂದಿವೆ, ಶಿಖರದ ಮೈ ಹೆಚ್ಚು ಒತ್ತಾಗಿದೆ. ಹಳೆಯ ಪಾಠವನ್ನು ಚೆನ್ನಾಗಿ ಕಲಿತವನೊಬ್ಬ ಅದನ್ನು ತನ್ನ ಮಾತಿನಲ್ಲಿ ಹೇಳಲು ಮೊದಲು ಮಾಡಿದ್ದಾನೆ.

ಲಕ್ಕುಂಡಿ: ಅತ್ತಿಮಬ್ಬೆಯ ಊರು

ಕುಕನೂರಿನಿಂದ ಪಶ್ಚಿಮಕ್ಕೆ ಬಂದರೆ ಗದಗಿಗೆ ಹನ್ನೆರಡು ಕಿಲೋಮೀಟರು ಮೊದಲೇ ಲಕ್ಕುಂಡಿ ಸಿಗುತ್ತದೆ. ಶಾಸನಗಳ ಲೊಕ್ಕಿಗುಂಡಿ ಇದೇ. ನೂರೊಂದು ಗುಡಿ, ನೂರೊಂದು ಬಾವಿ ಇದ್ದವೆಂಬುದು ಊರಿನವರ ಮಾತು. ಇಂದು ಉಳಿದಿರುವ ಗುಡಿಗಳಲ್ಲಿ ಹಲವು ಮನೆಗಳ ನಡುವೆ, ಓಣಿಗಳ ತಿರುವುಗಳಲ್ಲಿ ನಿಂತಿವೆ. ಊರನ್ನು ನಡೆದೇ ನೋಡಬೇಕು.

ಲಕ್ಕುಂಡಿಯ ಮೊದಲ ಹೆಸರು ಅತ್ತಿಮಬ್ಬೆಯದು. ಎರಡನೆಯ ತೈಲಪನ ಆಸ್ಥಾನದ ದಂಡನಾಯಕರ ಮನೆತನಕ್ಕೆ ಸೊಸೆಯಾಗಿ ಬಂದ ಈಕೆ ಗಂಡ ನಾಗದೇವನನ್ನು ಯುದ್ಧದಲ್ಲಿ ಕಳೆದುಕೊಂಡಳು. ನಾಗದೇವನ ಇನ್ನೊಬ್ಬ ಹೆಂಡತಿ, ಅತ್ತಿಮಬ್ಬೆಯ ತಂಗಿಯೇ ಆದ ಗುಂಡಮಬ್ಬೆ, ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನನ್ನು ಸಾಕಲು ಉಳಿದಳು. ಉಳಿದ ಬಾಳನ್ನು ಆಕೆ ಹೇಗೆ ಕಳೆದಳೆಂಬುದಕ್ಕೆ ಸಾಹಿತ್ಯದಲ್ಲೂ ಕಲ್ಲಿನಲ್ಲೂ ಸಾಕ್ಷಿಯಿದೆ. ರನ್ನ 993ರಲ್ಲಿ ಮುಗಿಸಿದ ಅಜಿತಪುರಾಣಕ್ಕೆ ಆಶ್ರಯ ಕೊಟ್ಟವಳು ಈಕೆ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದವಳೂ ಈಕೆಯೇ. ದಾನಚಿಂತಾಮಣಿ ಎಂಬ ಬಿರುದು ಸುಮ್ಮನೆ ಬಂದುದಲ್ಲ. ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಆಕೆ ಕಟ್ಟಿಸಿದ್ದು 1007ರಲ್ಲಿ, ಇರಿವಬೆಡಂಗ ಸತ್ಯಾಶ್ರಯನ ಆಳ್ವಿಕೆಯಲ್ಲಿ.

ಅದೇ ವರ್ಷದ ಇನ್ನೊಂದು ಶಾಸನವಿದೆ, ಇಂದಿನ ಹಾವೇರಿ ಜಿಲ್ಲೆಯ ಹೊಟ್ಟೂರಿನದು. ಚೋಳನು ಒಂಬತ್ತು ಲಕ್ಷ ದಂಡಿನೊಡನೆ ಬಂದು ನಾಡನ್ನೆಲ್ಲ ಸೂರೆಮಾಡಿದ, ಹೆಂಗಸರು ಮಕ್ಕಳೆನ್ನದೆ ಕೊಂದ, ಕೊನೆಗೆ ಸತ್ಯಾಶ್ರಯ ಅವನನ್ನು ಹಿಮ್ಮೆಟ್ಟಿಸಿದ ಎಂದು ಅದು ಹೇಳುತ್ತದೆ. ಸೈನ್ಯದ ಲೆಕ್ಕದಲ್ಲಿ ಉತ್ಪ್ರೇಕ್ಷೆ ಇರಬಹುದು. ಜನರ ಗೋಳಿನಲ್ಲಿ ಇರಲಾರದು. ಗಂಡನನ್ನು ಯುದ್ಧಕ್ಕೆ ಕೊಟ್ಟ ಹೆಣ್ಣುಮಗಳೊಬ್ಬಳು, ನಾಡು ಇನ್ನೊಂದು ಯುದ್ಧದಲ್ಲಿ ಬೇಯುತ್ತಿದ್ದ ವರ್ಷವೇ ಈ ಬಸದಿಯನ್ನು ನಿಲ್ಲಿಸಿದಳೆಂಬುದನ್ನು ನೆನೆದರೆ ಕಟ್ಟಡದ ತೂಕವೇ ಬೇರೆಯಾಗುತ್ತದೆ.

ಶಿಲ್ಪದ ದೃಷ್ಟಿಯಿಂದಲೂ ಬ್ರಹ್ಮಜಿನಾಲಯ ಒಂದು ತಿರುವು. ಇಲ್ಲಿ ಕಲ್ಲೇ ಬದಲಾಗಿದೆ. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಕೆಂಪು ಮರಳುಗಲ್ಲಿನ ಬದಲು ನೀಲಿ ಹಸಿರು ಛಾಯೆಯ ನುಣುಪಾದ ಕಲ್ಲು. ನಾವು ಬಳಪದ ಕಲ್ಲು ಎನ್ನುವ ಜಾತಿಯದು. ಈ ಸೀಮೆಯಲ್ಲಿ ಇದನ್ನು ಬಳಸಿ ಕಟ್ಟಿದ ಮೊದಮೊದಲ ಗುಡಿಗಳಲ್ಲಿ ಈ ಬಸದಿಯೂ ಒಂದು. ಗಣಿಯಿಂದ ತೆಗೆದಾಗ ಈ ಕಲ್ಲು ಮೆತ್ತಗಿರುತ್ತದೆ, ಉಳಿಗೆ ಹೇಳಿದಂತೆ ಕೇಳುತ್ತದೆ. ಗಾಳಿ ಬಿಸಿಲಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತ ಹೋಗುತ್ತದೆ. ಮರಳುಗಲ್ಲು ಕಾಳುಕಾಳಾಗಿ ಉದುರುವ ಜಾತಿ. ಅದರಲ್ಲಿ ದೊಡ್ಡ ಮೂರ್ತಿಗಳನ್ನು ಬಿಡಿಸಬಹುದು, ಬೆರಳಿನಗಲದ ಬಳ್ಳಿಯಲ್ಲಿ ಎಲೆಯ ನರಗಳನ್ನು ಬಿಡಿಸುವುದು ಕಷ್ಟ. ಬಳಪದ ಕಲ್ಲಿನಲ್ಲಿ ಅದು ಸಾಧ್ಯವಾಯಿತು. ಮರಳುಗಲ್ಲಿನ ದೊಡ್ಡ ದಿಮ್ಮಿಗಳು ಮಲಪ್ರಭೆಯ ಬಂಡೆಗಳಲ್ಲಿ ಸಿಕ್ಕಷ್ಟು ಸಲೀಸಾಗಿ ಇಲ್ಲಿ ಸಿಗುವುದಿಲ್ಲ. ಹಾಗಾಗಿ ಕಲ್ಲುಗಳು ಚಿಕ್ಕವಾದವು, ಕೂಡಿಸುವ ಕೆಲಸ ಹೆಚ್ಚಾಯಿತು, ಗೋಡೆಯ ಮೂಲೆಗಳೂ ಮಡಿಕೆಗಳೂ ಹೆಚ್ಚಿದವು.

ಬಸದಿಯ ಶಿಖರದಲ್ಲಿ ಅಂತಸ್ತುಗಳು ಇನ್ನೂ ಕುಕನೂರಿನಂತೆ ಸ್ಪಷ್ಟವಾಗಿವೆ. ಅಲಂಕಾರ ಹಿತಮಿತ. ಒಳಗೆ ನಾಲ್ಕು ಮುಖದ ಬ್ರಹ್ಮನ ಮತ್ತು ಪದ್ಮಾವತಿಯ ಮೂರ್ತಿಗಳಿವೆ. ಇಲ್ಲಿಂದ ಕಾಶಿವಿಶ್ವೇಶ್ವರ ಗುಡಿಗೆ ನಡೆದು ಹೋದರೆ ಹೊಸ ಕಲ್ಲಿಗೆ ಕೈ ಪಳಗಿದ ಮೇಲೆ ಶಿಲ್ಪಿ ಏನು ಮಾಡಿದನೆಂಬುದು ತಿಳಿಯುತ್ತದೆ. ಹನ್ನೊಂದನೆಯ ಶತಮಾನದ ಉತ್ತರಾರ್ಧದ ಹೊತ್ತಿಗೆ ರೂಪುಗೊಂಡ ಈ ಗುಡಿಯಲ್ಲಿ ಶಿವನ ಗರ್ಭಗುಡಿಗೆ ಎದುರಾಗಿ ಸೂರ್ಯನ ಗುಡಿಯಿದೆ. ಎರಡೂ ಒಂದೇ ಜಗುಲಿಯ ಮೇಲೆ ಮುಖಾಮುಖಿಯಾಗಿ ನಿಂತಿವೆ. ಬಾಗಿಲವಾಡಗಳಲ್ಲಿ ಪಟ್ಟಿಯ ಮೇಲೆ ಪಟ್ಟಿ, ಬಳ್ಳಿಯೊಳಗೆ ಬಳ್ಳಿ. ಗೋಡೆಯ ಮೇಲೆ ಅರೆಗಂಬಗಳು, ಅವುಗಳ ತಲೆಯ ಮೇಲೆ ಪುಟಾಣಿ ಶಿಖರಗಳು. ಈ ಪುಟಾಣಿಗಳನ್ನು ಹತ್ತಿರದಿಂದ ನೋಡಬೇಕು. ಒಂದು ದ್ರಾವಿಡ, ಇನ್ನೊಂದು ಉತ್ತರದ ನಾಗರ, ಮತ್ತೊಂದು ಮಾಳವದ ಕಡೆ ಪ್ರಚಲಿತವಿದ್ದ ಭೂಮಿಜ ಶಿಖರ. ದೇಶದಲ್ಲಿ ಎಲ್ಲೆಲ್ಲಿ ಯಾವ ಬಗೆಯ ಗುಡಿ ಕಟ್ಟುತ್ತಾರೆಂಬುದು ಲಕ್ಕುಂಡಿಯ ಶಿಲ್ಪಿಗೆ ಗೊತ್ತಿತ್ತು. ತನಗೆ ಗೊತ್ತಿದೆಯೆಂದು ಹೇಳಿಕೊಳ್ಳುವ ಹುಮ್ಮಸ್ಸೂ ಇತ್ತು. ಗೋಡೆಯನ್ನು ದೇವತೆಗಳ ಮೂರ್ತಿಗಳಿಗಿಂತ ಹೆಚ್ಚಾಗಿ ಗುಡಿಗಳ ಮಾದರಿಗಳಿಂದಲೇ ಅವನು ತುಂಬಿದ್ದಾನೆ. ವಾಸ್ತುವಿಗೆ ವಾಸ್ತುವೇ ಒಡವೆಯಾಗಿದೆ.

ಲಕ್ಕುಂಡಿಯನ್ನು ಬಿಡುವ ಮುನ್ನ ಮಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯನ್ನು ನೋಡದೆ ಬರಬಾರದು. ಮೆಟ್ಟಿಲುಗಳು ನೀರಿಗಿಳಿಯುತ್ತವೆ, ಸುತ್ತಲ ಗೋಡೆಗಳಲ್ಲಿ ಪುಟ್ಟ ಪುಟ್ಟ ಗುಡಿಗಳು. ಎರೆನಾಡಿನಲ್ಲಿ ನೀರೆಂದರೆ ದೇವರೇ ಎಂಬ ಮಾತನ್ನು ಕಲ್ಲಿನಲ್ಲಿ ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಅಣ್ಣಿಗೇರಿ, ಗದಗ: ಸುಟ್ಟದ್ದು, ಮತ್ತೆ ಕಟ್ಟಿದ್ದು

ಗದಗಿನಿಂದ ಹುಬ್ಬಳ್ಳಿಯ ದಾರಿಯಲ್ಲಿ ಇಪ್ಪತ್ತು ಕಿಲೋಮೀಟರಿನ ಸುಮಾರಿಗೆ ಅಣ್ಣಿಗೇರಿ. ಪಂಪನ ತಾಯಿ ಅಬ್ಬಣಬ್ಬೆ ಈ ಊರಿನ ಜೋಯಿಸ ಸಿಂಘನ ಮೊಮ್ಮಗಳೆಂದು ಅವನ ತಮ್ಮ ಜಿನವಲ್ಲಭನ ಗಂಗಾಧರಂ ಶಾಸನ ಹೇಳುತ್ತದೆ. ಬೆಳ್ವೊಲದ ರಾಜಧಾನಿ ಎಂದು ಶಾಸನಗಳು ಕರೆಯುವುದು ಇದನ್ನೇ. ಇಲ್ಲಿದ್ದ ಗಂಗ ಪೆರ್ಮಾಡಿಯ ಬಸದಿಯನ್ನು ಚೋಳನು ಸುಟ್ಟ ಕಥೆಯನ್ನೂ, ಅವನು ಮುಂದೆ ಒಂದನೆಯ ಸೋಮೇಶ್ವರನೊಡನೆ ಕಾದಿ ತಲೆಯೊಪ್ಪಿಸಿದ್ದನ್ನೂ, ಬೆಳ್ವೊಲವನ್ನು ಆಳುತ್ತಿದ್ದ ಲಕ್ಷ್ಮರಸನು ಆ ಬಸದಿಗೆ ಮತ್ತೆ ದತ್ತಿ ಬಿಟ್ಟುದನ್ನೂ 1071ರ ಗಾವರವಾಡದ ಶಾಸನ ವಿವರವಾಗಿ ಹೇಳುತ್ತದೆ. ಆ ಕಾಳಗಗಳ ನಡುವೆಯೇ, ಸುಮಾರು 1050ರ ಹೊತ್ತಿಗೆ, ಅಣ್ಣಿಗೇರಿಯ ಅಮೃತೇಶ್ವರ ಗುಡಿ ಎದ್ದಿತು. ಇದೂ ಬಳಪದ ಕಲ್ಲಿನದೇ. ಉದ್ದನೆಯ ಮಂಟಪ, ಅದರಲ್ಲಿ ಎಪ್ಪತ್ತಕ್ಕೂ ಹೆಚ್ಚು ಕಂಬಗಳು. ಇನ್ನೂ ನೂರು ನೂರೈವತ್ತು ವರ್ಷಗಳ ಮೇಲೆ, ಕಲ್ಯಾಣ ಕೈತಪ್ಪಿದ ಕಾಲಕ್ಕೆ, ಚಾಲುಕ್ಯರ ಕೊನೆಯ ಅರಸ ನಾಲ್ಕನೆಯ ಸೋಮೇಶ್ವರ ನೆಲೆ ಕಂಡುಕೊಂಡದ್ದೂ ಈ ಊರಿನಲ್ಲಿಯೇ.

ಗದಗಿನಲ್ಲಿ ತ್ರಿಕೂಟೇಶ್ವರ ಗುಡಿಯಿದೆ. ಒಂದೇ ಪೀಠದ ಮೇಲೆ ಮೂರು ಲಿಂಗಗಳು. ಅದೇ ಆವರಣದ ಸರಸ್ವತಿ ಗುಡಿಯಲ್ಲಿ ದೇವಿಯ ಮೂರ್ತಿ ಭಗ್ನವಾಗಿದೆ, ಆದರೆ ಮುಂದಿನ ಮಂಟಪದ ಕಂಬಗಳು ಈ ಇಡೀ ಹಾದಿಯಲ್ಲೇ ಶ್ರೇಷ್ಠವಾದವುಗಳ ಸಾಲಿಗೆ ಸೇರುತ್ತವೆ. ಕಂಬಗಳ ವಿಷಯವಾಗಿ ಒಂದು ಮಾತು. ಲಕ್ಕುಂಡಿ, ಅಣ್ಣಿಗೇರಿ, ಇಟಗಿಗಳಲ್ಲಿ ಬಳೆಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಕಾಣುವ ದುಂಡು ಕಂಬಗಳಿವೆ. ಬಡಗಿ ತೊಟ್ಟಿಲ ಕಾಲನ್ನು ಕಡೆಯುವಂತೆ ಇವನ್ನು ತಿರುಗಣೆಗೆ ಏರಿಸಿ, ಕಲ್ಲನ್ನು ತಿರುಗಿಸುತ್ತ ಉಳಿ ಹಿಡಿದು ಕಡೆದಿದ್ದಾರೆ. ಮೆತ್ತನೆಯ ಕಲ್ಲಿಲ್ಲದಿದ್ದರೆ ಈ ವಿದ್ಯೆ ಹುಟ್ಟುತ್ತಲೇ ಇರಲಿಲ್ಲ. ಹಲವು ಕಂಬಗಳಿಗೆ ಕೊಟ್ಟ ಮೆರುಗು ಒಂಬೈನೂರು ವರ್ಷಗಳ ಮೇಲೂ ಮಾಸಿಲ್ಲ. ಎದುರು ನಿಂತರೆ ಮುಖದ ನೆರಳು ಕಾಣುತ್ತದೆ.

ಡಂಬಳ: ಹಗ್ಗ ಮತ್ತು ಗೂಟದ ಗಣಿತ

ಗದಗಿನ ಆಗ್ನೇಯಕ್ಕೆ, ಕಪ್ಪತಗುಡ್ಡದ ಬದಿಯಲ್ಲಿ ಇಪ್ಪತ್ತು ಕಿಲೋಮೀಟರು ಹೋದರೆ ಡಂಬಳ. ಹಿಂದಿನ ಧರ್ಮವೊಳಲು. ಇಲ್ಲಿನ 1095ರ ಶಾಸನವೊಂದು ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನೂ ಅಲ್ಲಿನ ತಾರಾದೇವಿಯನ್ನೂ ಕುರಿತದ್ದು. ಕನ್ನಡ ನಾಡಿನಲ್ಲಿ ಬೌದ್ಧ ಧರ್ಮ ಎಂದೋ ಮರೆಯಾಗಿತ್ತೆಂದು ತಿಳಿದವರಿಗೆ ಇದು ಅಚ್ಚರಿಯ ಸುದ್ದಿ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಈ ಒಂದೇ ಸೀಮೆಯಲ್ಲಿ ಶಿವ, ಸೂರ್ಯ, ವಿಷ್ಣು, ಜಿನ, ತಾರೆ ಎಲ್ಲರಿಗೂ ಮನೆಗಳಿದ್ದವು. ಕಟ್ಟಿಸಿದವರಲ್ಲಿ ಅರಸರಿಗಿಂತ ದಂಡನಾಯಕರು, ವರ್ತಕರು, ಹೆಂಗಸರ ಹೆಸರುಗಳೇ ಎದ್ದು ಕಾಣುತ್ತವೆ.

ಡಂಬಳದ ದೊಡ್ಡಬಸಪ್ಪನ ಗುಡಿ ಹನ್ನೆರಡನೆಯ ಶತಮಾನದ್ದು. ಲಿಂಗಕ್ಕೆ ಎದುರಾಗಿರುವ ದೊಡ್ಡ ನಂದಿಯಿಂದ ಈ ಹೆಸರು. ಗುಡಿಗೆ ಒಮ್ಮೆ ಸುತ್ತು ಬಂದರೆ ಎಲ್ಲಿಯೂ ಚಪ್ಪಟೆ ಗೋಡೆ ಸಿಗುವುದಿಲ್ಲ. ಮೊನೆಯ ಪಕ್ಕ ಮೊನೆ, ಮೊನೆಯ ಪಕ್ಕ ಮೊನೆ. ಗರ್ಭಗುಡಿಯ ಹೊರಗೋಡೆ ಇಪ್ಪತ್ತನಾಲ್ಕು ಮೊನೆಗಳ ನಕ್ಷತ್ರ. ಇದನ್ನು ಹಾಕುವ ಬಗೆ ಸರಳ. ನೆಲದ ಮೇಲೆ ನಡುವೆ ಒಂದು ಗೂಟ ಹೊಡೆದು, ಹಗ್ಗದಿಂದ ಒಂದು ವೃತ್ತ ಎಳೆಯಬೇಕು. ಅದರೊಳಗೆ ನಾಲ್ಕು ಮೂಲೆಯೂ ವೃತ್ತಕ್ಕೆ ತಾಗುವಂತೆ ಒಂದು ಚೌಕ. ಆ ಚೌಕವನ್ನು ಹದಿನೈದು ಡಿಗ್ರಿಯಷ್ಟು ತಿರುಗಿಸಿ ಎರಡನೆಯದು, ಮತ್ತೆ ಅಷ್ಟೇ ತಿರುಗಿಸಿ ಮೂರನೆಯದು, ಹೀಗೆ ಆರು ಚೌಕಗಳು. ಆರು ನಾಲ್ಕಲಿ ಇಪ್ಪತ್ತನಾಲ್ಕು ಮೊನೆ. ಆರನೆಯ ಸಲ ತಿರುಗಿಸಿದರೆ ಮೊದಲ ಚೌಕವೇ ಬಂದು ಕೂಡುತ್ತದೆ.

ನಕ್ಷತ್ರಾಕಾರದ ಗುಡಿಗಳು ಹೊಯ್ಸಳರಲ್ಲೂ ಇವೆ. ಆದರೆ ಸಾಮಾನ್ಯವಾಗಿ ನಾಲ್ಕು ದಿಕ್ಕುಗಳಲ್ಲಿ ಚಪ್ಪಟೆಯಾದ ಚಾಚುಗಳು ಬಂದು ನಕ್ಷತ್ರವನ್ನು ತಡೆಯುತ್ತವೆ. ಡಂಬಳದಲ್ಲಿ ಅಂಥ ತಡೆಯಿಲ್ಲ. ನೆಲದಲ್ಲಿ ಮೊದಲಾದ ಮೊನೆಗಳು ಹಾಗೆಯೇ ಶಿಖರಕ್ಕೆ ಏರುತ್ತವೆ. ಕುಕನೂರಿನಲ್ಲಿ ಬೆರಳಿಟ್ಟು ಎಣಿಸಿದ ಕೂಟ, ಶಾಲೆಗಳು ಇಲ್ಲಿ ಎಲ್ಲಿ ಹೋದವು? ಹುಡುಕಿದರೆ ಅವು ಮೊನೆಗಳಲ್ಲಿ ಕರಗಿರುವುದು ಕಾಣುತ್ತದೆ. ಅಂತಸ್ತುಗಳು ಬಳೆಗಳಾಗಿವೆ.

ಇಟಗಿ: ದೇವಾಲಯ ಚಕ್ರವರ್ತಿ

ಡಂಬಳದಿಂದ ಈಶಾನ್ಯಕ್ಕೆ ಇಟಗಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಮಹಾದೇವ ಗುಡಿ ಇಲ್ಲಿದೆ. ಮುಖ್ಯ ಗುಡಿಯ ಸುತ್ತ ತಂದೆತಾಯಿಯರ ಹೆಸರಿನಲ್ಲೂ ಗುಡಿಗಳನ್ನು ಎತ್ತಿಸಿದ. ಮುಂದೆ ಪುಷ್ಕರಿಣಿ. ಇಲ್ಲಿನ ಶಾಸನ ಈ ಗುಡಿಯನ್ನು ದೇವಾಲಯ ಚಕ್ರವರ್ತಿ ಎಂದು ಹೊಗಳುತ್ತದೆ. ಶಾಸನ ಕವಿಗಳ ಹೊಗಳಿಕೆಯನ್ನು ನಾವು ಸಾಮಾನ್ಯವಾಗಿ ಅರ್ಧಕ್ಕೆ ಇಳಿಸಿ ಓದುತ್ತೇವೆ. ಇಟಗಿಯ ಮಟ್ಟಿಗೆ ಆ ಅಗತ್ಯವಿಲ್ಲ. ಬ್ರಿಟಿಷ್ ಪುರಾತತ್ತ್ವಜ್ಞ ಹೆನ್ರಿ ಕಸಿನ್ಸ್ ಈ ಸೀಮೆಯ ಗುಡಿಗಳನ್ನೆಲ್ಲ ಅಳೆದು ನೋಡಿ, ಹಳೇಬೀಡಿನ ನಂತರದ ಸ್ಥಾನವನ್ನು ಇದಕ್ಕೆ ಕೊಟ್ಟರು.

ತೆರೆದ ಮಂಟಪದ ಕಂಬಗಳ ಕಾಡು, ಭುವನೇಶ್ವರಿಗಳ ಕೆತ್ತನೆ, ಗೋಡೆಯ ಮಡಿಕೆಗಳು, ಎಲ್ಲದರಲ್ಲೂ ಇಲ್ಲೊಂದು ಹದವಿದೆ. ಶಿಖರದ ತುದಿ ಈಗ ಇಲ್ಲ, ಆದರೆ ಉಳಿದಷ್ಟರಲ್ಲೂ ಮುನ್ನೂರು ವರ್ಷಗಳ ಹಾದಿ ಕಾಣುತ್ತದೆ. ಪ್ರತಿ ಅಂತಸ್ತಿನ ನಡುವಿನ ಗೂಡು ಕೆಳಗಿನ ಗೂಡಿನೊಡನೆ ಕೂಡಿ ಬುಡದಿಂದ ತಲೆಯವರೆಗೆ ಒಂದೇ ಪಟ್ಟಿಯಾಗಿ ಹರಿಯುತ್ತದೆ. ದೂರದಿಂದ ನೋಡಿದರೆ ಉತ್ತರದ ನಾಗರ ಶಿಖರದ ನೆನಪು ಬರುತ್ತದೆ. ಹತ್ತಿರ ಬಂದರೆ ಒಳಗಿರುವುದು ಕುಕನೂರಿನ ಅದೇ ಅಂತಸ್ತುಗಳು.

ಇದೇ ಕಾರಣಕ್ಕೆ ಈ ಶೈಲಿಯ ಬಗ್ಗೆ ಒಂದು ವಾದ ಬಹುಕಾಲ ನಡೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಇದನ್ನು ಚಾಲುಕ್ಯ ಶೈಲಿ ಎಂದು ಪ್ರತ್ಯೇಕಿಸಿದರು. ಇದು ಉತ್ತರ ದಕ್ಷಿಣಗಳ ಬೆರಕೆ ಎಂದೂ, ಶಾಸ್ತ್ರಗ್ರಂಥಗಳ ವೇಸರ ಇದೇ ಎಂದೂ ಹೇಳಿದವರುಂಟು. ಆಡಮ್ ಹಾರ್ಡಿ ಎಂಬ ವಿದ್ವಾಂಸರು 1995ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಕರ್ಣಾಟ ದ್ರಾವಿಡವೆಂದು ಕರೆದು, ಏಳನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಒಂದು ಗುಡಿಯಿಂದ ಇನ್ನೊಂದಕ್ಕೆ ಅದು ಹೇಗೆ ಒಳಗಿನಿಂದಲೇ ಬೆಳೆಯಿತೆಂಬುದನ್ನು ನಕ್ಷೆಗಳ ಸಮೇತ ತೋರಿಸಿದರು. ವಾದ ವಿದ್ವಾಂಸರದು ಎಂದು ಬಿಡಬಹುದು. ಆದರೆ ಅದರಲ್ಲಿ ನಮಗೂ ಪಾಲಿದೆ. ಎರಡು ಕಡೆಯಿಂದ ಕಡ ತಂದು ಬೆರೆಸಿದ್ದು ಎನ್ನುವುದಕ್ಕೂ, ಈ ಮಣ್ಣಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ಯೋಚಿಸಿ ಬೆಳೆಸಿದ್ದು ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಕುಕನೂರಿನಿಂದ ಇಟಗಿಯವರೆಗೆ ಕಣ್ಣಾರೆ ನೋಡಿದವರಿಗೆ ಎರಡನೆಯ ಮಾತೇ ಸರಿಯೆನಿಸುತ್ತದೆ. ಲಕ್ಕುಂಡಿಯ ಶಿಲ್ಪಿ ನಾಗರವನ್ನೂ ಭೂಮಿಜವನ್ನೂ ಬಲ್ಲವನಾಗಿದ್ದ. ಅವನ್ನು ಗೋಡೆಯ ಮೇಲೆ ಒಡವೆಯಾಗಿ ಇಟ್ಟ, ತನ್ನ ಕಟ್ಟಡವನ್ನು ತನ್ನ ರೀತಿಯಲ್ಲಿಯೇ ಕಟ್ಟಿದ.

ಗಡಿಗಳು ಮುಚ್ಚಿದ ಕಥೆ

ಇಷ್ಟು ದೊಡ್ಡ ಪರಂಪರೆ ಹಂಪಿ, ಬೇಲೂರುಗಳಷ್ಟು ಜನರ ಬಾಯಿಗೆ ಬರಲಿಲ್ಲವೇಕೆ? ರಾಜಧಾನಿಯಾಗಿದ್ದ ಕಲ್ಯಾಣ ಇಲ್ಲಿಂದ ದೂರ, ಬೀದರ ಜಿಲ್ಲೆಯಲ್ಲಿದೆ. ಬೇಲೂರು, ಹಂಪಿಗಳಿಗೆ ಇರುವಂತೆ ಅರಸೊತ್ತಿಗೆಯ ಕಥೆಯ ಬೆಂಬಲ ಈ ಊರುಗಳಿಗಿಲ್ಲ. ಇನ್ನೊಂದು ಕಾರಣ ಈಚಿನದು. ಬ್ರಿಟಿಷರ ಕಾಲದಲ್ಲಿ ಈ ಪುಟ್ಟ ಸೀಮೆ ಮೂರು ಸರ್ಕಾರಗಳ ಪಾಲಾಗಿತ್ತು. ಅಣ್ಣಿಗೇರಿ, ಗದಗ, ಲಕ್ಕುಂಡಿ, ಡಂಬಳಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಕುಕನೂರು, ಇಟಗಿಗಳು ನಿಜಾಮನ ಹೈದರಾಬಾದಿನಲ್ಲಿ. ತುಂಗಭದ್ರೆ ದಾಟಿದರೆ ಬಾಗಳಿ, ಕುರುವತ್ತಿಗಳ ಇದೇ ಬಗೆಯ ಗುಡಿಗಳು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿ. ಹೊಯ್ಸಳರ ಗುಡಿಗಳು ನಾಲ್ಕನೆಯದಾದ ಮೈಸೂರು ಸಂಸ್ಥಾನದಲ್ಲಿ. ಅಲೆಗ್ಸಾಂಡರ್ ರೇ ಬಳ್ಳಾರಿ ಸೀಮೆಯ ಗುಡಿಗಳ ಬಗ್ಗೆ 1896ರಲ್ಲಿ ಪುಸ್ತಕ ತಂದರು. ಕಸಿನ್ಸರ ಪುಸ್ತಕ ಬಂದದ್ದು 1926ರಲ್ಲಿ. ಮುಂಬಯಿ ಕಡೆಯ ಅಧಿಕಾರಿಯಾಗಿದ್ದರೂ ಅವರು ಗಡಿ ದಾಟಿ ಇಟಗಿ, ಕುಕನೂರುಗಳನ್ನೂ ಸೇರಿಸಿಕೊಂಡದ್ದು ದೊಡ್ಡ ಉಪಕಾರ. ಒಂದೇ ಕೈ ಕಟ್ಟಿದ ಗುಡಿಗಳ ಕಥೆ ಹೀಗೆ ಬೇರೆಬೇರೆ ಕಡತಗಳಲ್ಲಿ ಹಂಚಿಹೋಯಿತು. 1956ರ ಏಕೀಕರಣದಿಂದ ನೆಲ ಕೂಡಿತು. ನೋಟ ಕೂಡುವ ಕೆಲಸ ಮಾತ್ರ ನಿಧಾನವಾಗಿ ನಡೆದಿದೆ. ಇಂದಿಗೂ ಈ ಹಾದಿ ಗದಗ, ಧಾರವಾಡ, ಕೊಪ್ಪಳ ಎಂಬ ಮೂರು ಜಿಲ್ಲೆಗಳಲ್ಲಿ ಹರಿದುಹೋಗುತ್ತದೆ.

ನಷ್ಟವೂ ಕಡಿಮೆಯಲ್ಲ. ಪುರಾತತ್ತ್ವ ಇಲಾಖೆಯ ಬೇಲಿಯೊಳಗಿರುವ ದೊಡ್ಡ ಗುಡಿಗಳು ಸುಸ್ಥಿತಿಯಲ್ಲಿವೆ. ಬೇಲಿಯ ಹೊರಗಿನ ಸಣ್ಣ ಗುಡಿ, ಒಂಟಿ ಕಂಬ, ಹೊಲದ ಬದುವಿನ ಶಾಸನದ ಕಲ್ಲು, ಹೂಳು ತುಂಬಿದ ಬಾವಿ ಇವುಗಳಿಗೆ ಕಾವಲು ಊರಿನವರ ತಿಳಿವಳಿಕೆಯೊಂದೇ. ಅತ್ತಿಮಬ್ಬೆಯ ವರ್ಷವಾಗಲಿ, ಡಂಬಳದ ಹದಿನಾರು ಸೆಟ್ಟಿಗ​ಳಾಗಲಿ ನಮಗೆ ತಿಳಿದಿರುವುದು ಇಂಥ ಕಲ್ಲುಗಳಿಂದ. ಒಂದು ಶಾಸನ ಒಗೆಯುವ ಕಲ್ಲಾದರೆ ಕಳೆದುಹೋಗುವುದು ಒಬ್ಬರ ಹೆಸರು, ಕೆಲವೊಮ್ಮೆ ಒಂದು ಧರ್ಮದ ಕೊನೆಯ ಸುಳಿವು.

ಗದುಗಿನಿಂದ ಬೇಲೂರಿಗೆ

ಇಟಗಿಯ ಗುಡಿ 1112ರದು. ಬೇಲೂರಿನ ಚೆನ್ನಕೇಶವ ಗುಡಿಯನ್ನು ವಿಷ್ಣುವರ್ಧನ ಪ್ರತಿಷ್ಠಾಪಿಸಿದ್ದು 1117ರಲ್ಲಿ. ನಡುವೆ ಕೇವಲ ಐದು ವರ್ಷ. ಹೊಯ್ಸಳರು ಆಗ ಚಾಲುಕ್ಯರ ಸಾಮಂತರು. ಬೇಕಾದ ಕುಶಲಕರ್ಮಿಗಳು ಒಡೆಯರ ನಾಡಿನಲ್ಲಿದ್ದರು. ಬೇಲೂರಿನಲ್ಲಿ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೆತ್ತಿಕೊಂಡಿದ್ದಾರೆ. ಬಳ್ಳಿಗಾವೆಯ ದಾಸೋಜನ ಹೆಸರು ಪ್ರಸಿದ್ಧವಾಗಿದೆ. ಅವನ ಜೊತೆಯಲ್ಲಿ ಗದುಗಿನ ನಾಗೋಜನ ಹೆಸರೂ ಇದೆ. ಎಂಬತ್ತು ವರ್ಷಗಳೊಳಗೆ ಚಕ್ರ ಪೂರ್ತಿ ಸುತ್ತಿತು. ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ಬಲ್ಲಾಳ ಬೆಳ್ವೊಲವನ್ನೇ ಗೆದ್ದು ಲೊಕ್ಕಿಗುಂಡಿಯಲ್ಲಿ ಬೀಡುಬಿಟ್ಟ. ಗದುಗಿನ ತ್ರಿಕೂಟೇಶ್ವರನಿಗೆ ಅವನು ದತ್ತಿ ಬಿಟ್ಟ ಶಾಸನ 1192ರದು. ಶಿಲ್ಪಿಗಳನ್ನು ಕರೆಸಿಕೊಂಡ ಮನೆತನವೇ ಅವರ ಊರಿಗೆ ಅರಸಾಗಿ ಬಂದಿತ್ತು.

ಬೇಲೂರಿನ ಮದನಿಕೆಯರ ಮುಂದೆ ಬೆರಗಾಗಿ ನಿಲ್ಲುವವರು ಆ ಕೈಚಳಕ ಎಲ್ಲಿ ಪಳಗಿತೆಂದು ಕೇಳಿಕೊಳ್ಳುವುದು ಅಪರೂಪ. ಅದು ಪಳಗಿದ್ದು ಜೋಳದ ಹೊಲಗಳ ನಡುವಿನ ಈ ಊರುಗಳಲ್ಲಿ, ದಂಡು ಬಂದು ಸುಟ್ಟುಹೋದ ನಾಡನ್ನು ಮತ್ತೆ ಕಟ್ಟುತ್ತಿದ್ದ ಮೂರು ನಾಲ್ಕು ತಲೆಮಾರುಗಳ ದುಡಿಮೆಯಲ್ಲಿ. ಹೆದ್ದಾರಿಯಿಂದ ಲಕ್ಕುಂಡಿಗೆ ದೂರವೇನಿಲ್ಲ. ಗದಗಿನ ಕಡೆಗೆ ಹೋಗುವ ಓದುಗರು ಮುಂದಿನ ಸಲ ಅರ್ಧ ದಿನವನ್ನು ಇದಕ್ಕಾಗಿ ತೆಗೆದಿಡಲಿ. ಬೆಳಗಿನ ಎಳೆಬಿಸಿಲು ಗೋಡೆಗೆ ಓರೆಯಾಗಿ ಬೀಳುವ ಹೊತ್ತು ಒಳ್ಳೆಯದು; ಬಳಪದ ಕಲ್ಲಿನ ಪುಟಾಣಿ ಗುಡಿಗಳು ಆಗ ಒಂದೊಂದಾಗಿ ಎದ್ದು ಕಾಣುತ್ತವೆ.